ಕುದುರೆ ತರಬೇತುದಾರ

ಕುದುರೆಯನ್ನು ಪಳಗಿಸಿ ಸವಾರಿಗೋ ರೇಸಿಗೋ ಸಜ್ಜುಗೊಳಿಸುವುದನ್ನು ವೃತ್ತಿಯಾಗಿ ನಡೆಸುವವರು ಕುದುರೆ ತರಬೇತುದಾರರು. ರೇಸ್‌ಕೋರ್ಸಿನ ಮಾತಿನಲ್ಲಿ ‘ಟ್ರೈನರ್’. ರೇಸಿನ ಕುದುರೆಗಳನ್ನು ತಯಾರು ಮಾಡಲು ಪರವಾನಗಿ ಬೇಕು. ಅದನ್ನು ಕೊಡುವುದು ಟರ್ಫ್ ಕ್ಲಬ್ಬಿನಂಥ ಸಂಸ್ಥೆ. ವಿದ್ಯೆ ಸಿಗುವುದು ಮಾತ್ರ ಲಾಯದಲ್ಲಿ. ಇವೆರಡೂ ಯಾವಾಗಲೂ ಒಬ್ಬರ ಬಳಿಯೇ ಇದ್ದವೆಂದು ಹೇಳಲಾಗದು.

ಹೆಸರು ಉಳಿದಿರುವ ಅತಿ ಹಳೆಯ ತರಬೇತುದಾರರಲ್ಲಿ ಒಬ್ಬ ಕಿಕ್ಕುಲಿ. ಮಿತಾನಿ ರಾಜ್ಯದವನು, ಕ್ರಿ.ಪೂ. 14ನೇ ಶತಮಾನದವನು. ರಥದ ಕುದುರೆಗಳನ್ನು ತಿಂಗಳುಗಟ್ಟಲೆ ಹೇಗೆ ಹದಗೊಳಿಸಬೇಕು, ಯಾವ ದಿನ ಎಷ್ಟು ಓಟ, ಎಷ್ಟು ಮೇವು, ಎಷ್ಟು ನೀರು ಎಂದು ಅವನು ಹೇಳಿದ ಕ್ರಮ ಹಿಟ್ಟೈಟ್ ಭಾಷೆಯ ಮಣ್ಣಿನ ಫಲಕಗಳಲ್ಲಿದೆ. ಅವು ಸಿಕ್ಕಿದ್ದು ಇಂದಿನ ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ. ಸುತ್ತುಗಳ ಎಣಿಕೆಗೆ ಅಲ್ಲಿ ಬಳಸಿದ ಐಕವರ್ತನ್ನ, ಪಂಜವರ್ತನ್ನ, ಸತ್ತವರ್ತನ್ನ ಎಂಬ ಪದಗಳಲ್ಲಿ ಏಕ, ಪಂಚ, ಸಪ್ತಗಳನ್ನು ಗುರುತಿಸಲು ಕನ್ನಡ ಓದುಗರಿಗೆ ಯಾರ ನೆರವೂ ಬೇಡ. ಗ್ರೀಸಿನ ಕ್ಸೆನೊಫೋನ್ ಕ್ರಿ.ಪೂ. 4ನೇ ಶತಮಾನದಲ್ಲಿ ಅಶ್ವವಿದ್ಯೆಯ ಬಗ್ಗೆ ಬರೆದಾಗ, ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಲೇಬೇಡಿ ಎಂದು ಎಚ್ಚರಿಸಿದ. ಅವನು ಸ್ವತಃ ಯುದ್ಧಭೂಮಿ ಕಂಡ ಸವಾರ.

ಈ ವೃತ್ತಿಗೆ ಬರುವವರಲ್ಲಿ ಅನೇಕರಿಗೆ ಇದು ಮನೆತನದ ಕಸುಬು. ಐರ್ಲೆಂಡಿನ ವಿನ್ಸೆಂಟ್ ಓಬ್ರಿಯನ್ (1917–2009) ಕಲಿತದ್ದು ಬೇಸಾಯದ ಜೊತೆಗೆ ಕುದುರೆಗಳನ್ನೂ ತಯಾರು ಮಾಡುತ್ತಿದ್ದ ತಂದೆಯ ಬಳಿ. 1953ರಿಂದ 1955ರವರೆಗೆ ಸತತ ಮೂರು ಗ್ರ್ಯಾಂಡ್ ನ್ಯಾಷನಲ್‌ಗಳನ್ನು ಅವರು ಮೂರು ಬೇರೆ ಬೇರೆ ಕುದುರೆಗಳಿಂದ ಗೆದ್ದರು. ಬೇಲಿ ಹಾರುವ ದೀರ್ಘ ಓಟದಿಂದ ಆಮೇಲೆ ಬಯಲು ಓಟದತ್ತ ಹೊರಳಿ, 1970ರಲ್ಲಿ ನಿಜಿನ್ಸ್ಕಿ ಎಂಬ ಕುದುರೆಗೆ ಇಂಗ್ಲೆಂಡಿನ ತ್ರಿವಳಿ ಕಿರೀಟ ತಂದುಕೊಟ್ಟರು. ಎರಡಕ್ಕೂ ಬೇಕಾದ ಕುದುರೆ ಬೇರೆ, ಹದ ಬೇರೆ. ಎರಡರಲ್ಲೂ ಶಿಖರ ಮುಟ್ಟಿದವರು ವಿರಳ.

ಅನುಭವವಿದ್ದೂ ಹೆಸರಿಲ್ಲದೆ ದುಡಿದವರ ಕಥೆ ಇಂಗ್ಲೆಂಡಿನದು. ಅಲ್ಲಿನ ಜಾಕಿ ಕ್ಲಬ್ 1966ರವರೆಗೂ ಹೆಂಗಸರಿಗೆ ಪರವಾನಗಿ ಕೊಡಲಿಲ್ಲ. ಕುದುರೆಯನ್ನು ಅವರೇ ತಯಾರು ಮಾಡಿದರೂ ಕಾಗದದಲ್ಲಿ ಯಾವನೋ ಗಂಡಸಿನ, ಎಷ್ಟೋ ಸಲ ಲಾಯದ ಮುಖ್ಯ ಆಳಿನ, ಹೆಸರಿರಬೇಕಿತ್ತು. 1956ರ ‘2000 ಗಿನೀಸ್’ ರೇಸ್ ಗೆದ್ದ ಗಿಲ್ ದ ರೆ ಎಂಬ ಕುದುರೆಯನ್ನು ತಯಾರು ಮಾಡಿದ್ದು ಹೆಲೆನ್ ಜಾನ್ಸನ್ ಹೌಟನ್. ದಾಖಲೆಯಲ್ಲಿ ಕುಳಿತದ್ದು ಬೇರೊಬ್ಬರ ಹೆಸರು. ಹೀಗೆಯೇ ದುಡಿಯುತ್ತಿದ್ದ, ಎಪ್ಪತ್ತು ದಾಟಿದ್ದ ಫ್ಲಾರೆನ್ಸ್ ನೇಗಲ್ ಪರವಾನಗಿಗಾಗಿ ಕೋರ್ಟಿನ ಮೆಟ್ಟಿಲೇರಿದರು. ಮೇಲ್ಮನವಿಯಲ್ಲಿ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ ಅವರ ಪೀಠ, ದುಡಿಯುವ ಹಕ್ಕಿನ ಪ್ರಶ್ನೆ ವಿಚಾರಣೆಗೆ ಯೋಗ್ಯವೆಂದಿತು. ಕ್ಲಬ್ಬು ರಾಜಿಗೆ ಬಂತು. 1966ರ ಆಗಸ್ಟಿನಲ್ಲೇ ಇನ್ನೊಬ್ಬ ತರಬೇತುದಾರ್ತಿ ನೋರಾ ವಿಲ್ಮಟ್ ತಮ್ಮದೇ ಹೆಸರಿನಲ್ಲಿ ಗೆಲುವು ಕಂಡರು. ದಶಕಗಟ್ಟಲೆ ಈ ಹೆಂಗಸರಿಂದ ಕಿತ್ತುಕೊಂಡ ಗೆಲುವುಗಳನ್ನು ಯಾರೂ ಮರಳಿಸಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ಭಾರತದಲ್ಲಿ ಜಾಕಿಯಾಗಿ ಹೆಸರು ಮಾಡಿ ತರಬೇತಿಗೆ ಬಂದವರಲ್ಲಿ ಪೆಸಿ ಶ್ರಾಫ್ ಪ್ರಮುಖರು. ಎಂಟು ಇಂಡಿಯನ್ ಡರ್ಬಿ ಗೆದ್ದ ಸವಾರ ಅವರು. ‘ಸ್ಕ್ವಾಂಡರರ್’ ಎಂಬ ಪ್ರಸಿದ್ಧ ಕುದುರೆಯನ್ನು ತಯಾರು ಮಾಡಿದ ರಶೀದ್ ಬೈರಾಮ್‌ಜಿ ಬೆಂಗಳೂರನ್ನು ನೆಲೆ ಮಾಡಿಕೊಂಡಿದ್ದವರು.

ತರಬೇತುದಾರರ ಅನುಭವ ಕಾಣುವುದು ಬೆಳಗಿನ ಲಾಯದಲ್ಲಿ. ಓಡಿಸುತ್ತ ಬಂದಂತೆ ಕುದುರೆಯ ಹೃದಯ, ಶ್ವಾಸಕೋಶ, ಮಾಂಸಖಂಡಗಳು ಬೇಗ ಬಲಗೊಳ್ಳುತ್ತವೆ. ಮೂಳೆ ಮತ್ತು ಸ್ನಾಯುರಜ್ಜು ಹಿಂದೆ ಬೀಳುತ್ತವೆ. ಉತ್ಸಾಹದಿಂದ ಪುಟಿಯುವ ಎಳೆ ಕುದುರೆ ಓಟಕ್ಕೆ ಸಿದ್ಧವಾದಂತೆ ಕಂಡರೂ ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಎಳೆತನದಲ್ಲೇ ಮುರಿದುಹೋಗುವ ಎಷ್ಟೋ ಕುದುರೆಗಳ ದುರಂತಕ್ಕೆ ಈ ಅವಸರವೂ ಕಾರಣ. ಆದ್ದರಿಂದಲೇ ಮುಂಗಾಲಿನ ಮೊಣಕಾಲಿನಿಂದ ಕೆಳಕ್ಕೆ ಅಂಗೈ ಜಾರಿಸಿ, ಎಲ್ಲಾದರೂ ಬಿಸಿಯಿದೆಯೇ, ಊತವಿದೆಯೇ ಎಂದು ದಿನವೂ ನೋಡುವುದು. ನಿನ್ನೆ ತಣ್ಣಗಿದ್ದ ಕಾಲು ಇಂದು ಬೆಚ್ಚಗಿದ್ದರೆ ಆ ದಿನದ ಗ್ಯಾಲಪ್ ರದ್ದಾಗುತ್ತದೆ. ಅದಕ್ಕೂ ಮೊದಲು ರಾತ್ರಿ ಇಟ್ಟ ಮೇವು ಗೋದಲಿಯಲ್ಲಿ ಉಳಿದಿದೆಯೇ ಎಂದು ವಿಚಾರಿಸುತ್ತಾರೆ; ಉತ್ತರ ಗೊತ್ತಿರುವುದು ಕುದುರೆಯನ್ನು ನೋಡಿಕೊಳ್ಳುವ ಸೈಸ್‌ಗೆ.