ಬಿಸಿಯಾಗಿ ಹೋಗೋ ಕರೆಂಟು

ವೈರ್‌ಲೆಸ್ ಇತಿಹಾಸ ಅಂದರೆ ನಮಗೆ 2ಜಿ, 3ಜಿ, 4ಜಿ ಅಂತ ವೇಗದ ಲೆಕ್ಕವೇ ನೆನಪಾಗೋದು. ನನಗೆ ಅದರ ಕರೆಂಟ್ ಬಿಲ್ಲಿನ ಇತಿಹಾಸವೇ ಹೆಚ್ಚು ಸ್ವಾರಸ್ಯ ಅನ್ನಿಸುತ್ತೆ.

1930ರ ದಶಕದ ಅಮೆರಿಕದಲ್ಲಿ ದೊಡ್ಡ ರೇಡಿಯೋ ಕೇಂದ್ರಗಳು 50 ಕಿಲೋವ್ಯಾಟ್ ಶಕ್ತಿಯಲ್ಲಿ ಪ್ರಸಾರ ಮಾಡುತ್ತಿದ್ದವು. ಎ.ಎಂ. ಪ್ರಸಾರದಲ್ಲಿ ದನಿ ಏರಿಳಿದಂತೆ ಅಲೆಯ ಎತ್ತರವೂ ಏರಿಳಿಯುತ್ತೆ. ಯಾವಾಗಲೋ ಬರೋ ಆ ಏರಿಗಾಗಿ ಆಂಪ್ಲಿಫೈಯರಿನಲ್ಲಿ ಸದಾ ಜಾಗ ಬಿಟ್ಟಿರಬೇಕು. ಹಾಗಾಗಿ ಮಾಮೂಲಿ ಹೊತ್ತಲ್ಲಿ ಅದರ ದಕ್ಷತೆ ಸುಮಾರು ಶೇ. 33 ಅಷ್ಟೇ. ಲೆಕ್ಕ ಹಾಕಿ ನೋಡಿ: ಆಂಟೆನಾಗೆ 50 ಕಿಲೋವ್ಯಾಟ್ ಹೋಗಬೇಕಾದರೆ ಒಳಗೆ 150 ಹಾಕಬೇಕು. ಉಳಿದ ನೂರು ಬರೀ ಬಿಸಿ. ಅದನ್ನ ತಣಿಸೋಕೆ ಮತ್ತೆ ನೀರು, ಪಂಪು!

1936ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲಿಯಂ ಡೊಹರ್ಟಿ ಇದಕ್ಕೊಂದು ದಾರಿ ತೋರಿಸಿದರು. ಎರಡು ವಾಲ್ವ್ ಇಡಿ. ಮಾಮೂಲಿ ಕೆಲಸವನ್ನೆಲ್ಲ ಮೊದಲನೆಯದೇ ಪೂರ್ತಿ ಮೈಮುರಿದು ಮಾಡಲಿ. ಎರಡನೆಯದು ಮಲಗಿರಲಿ, ಅಲೆ ಏರಿದಾಗ ಮಾತ್ರ ಏಳಲಿ. ದಿಬ್ಬ ಬಂದಾಗಷ್ಟೇ ಗಾಡಿಗೆ ಇನ್ನೊಂದು ಜೊತೆ ಎತ್ತು ಕಟ್ಟಿದ ಹಾಗೆ. ದಕ್ಷತೆ ಶೇ. 60 ದಾಟಿತು, 150 ಕಿಲೋವ್ಯಾಟ್ ಬೇಕಿದ್ದ ಕಡೆ 80ರ ಆಸುಪಾಸು ಸಾಕಾಯ್ತು.

ಆಮೇಲೆ ಎಫ್.ಎಂ. ಬಂತು, ಜಿ.ಎಸ್.ಎಂ. ಫೋನು ಬಂತು. ಇವುಗಳ ಅಲೆಯ ಎತ್ತರ ಬದಲಾಗೋದಿಲ್ಲ, ಡೊಹರ್ಟಿಯ ಹಂಗೂ ಬೇಕಿರಲಿಲ್ಲ. 4ಜಿಯಲ್ಲಿ ನೂರಾರು ಸಣ್ಣ ಅಲೆಗಳನ್ನ ಒಟ್ಟಿಗೆ ಕೂಡಿಸಿ ಕಳಿಸ್ತಾರೆ. ಹಲವು ಒಮ್ಮೆಲೇ ಏರಿದರೆ ಸಿಗ್ನಲ್ಲಿನ ಶಕ್ತಿ ಸರಾಸರಿಯ ಎಷ್ಟೋ ಪಟ್ಟು ಜಿಗಿಯುತ್ತೆ. ಹಳೇ ತಲೆನೋವು ವಾಪಸ್.

ಅದರ ಮೇಲೆ ಬಹು ಆಂಟೆನಾ. ನೌಕಾಪಡೆಗೆ ಸೋನಾರ್ ಕಟ್ಟಿದ, ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ 'ಕೇರ್' ಸ್ಥಾಪಿಸಿದ ಆರೋಗ್ಯಸ್ವಾಮಿ ಪೌಲ್‌ರಾಜ್ ಸ್ಟ್ಯಾನ್‌ಫರ್ಡ್‌ಗೆ ಹೋಗಿ, ಥಾಮಸ್ ಕೈಲತ್ ಜೊತೆ 1992ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಒಂದೇ ತರಂಗಾಂತರದಲ್ಲಿ ಹಲವು ಆಂಟೆನಾಗಳಿಂದ ಬೇರೆ ಬೇರೆ ಮಾಹಿತಿ ಕಳಿಸೋ ಉಪಾಯ. ತರಂಗಾಂತರ ಉಳಿಯಿತು ನಿಜ, ಆದರೆ ಪ್ರತಿ ಆಂಟೆನಾಗೂ ತನ್ನದೇ ಆಂಪ್ಲಿಫೈಯರ್ ಬೇಕು. ಈಗಿನ 5ಜಿ ಡಬ್ಬಿಯಲ್ಲಿ 64ರ ತನಕ ಇರುತ್ತವೆ. ಲೋಡ್ ಜಾಸ್ತಿಯಾದರೆ ಇನ್ನೊಂದು ಸರ್ವರ್ ಸೇರಿಸು ಅನ್ನೋ ನಮ್ಮ ಸಾಫ್ಟ್‌ವೇರ್ ಚಾಳಿಯೇ ಇದು. ಬಿಲ್ಲು ಬೇರೆ ಯಾರೋ ಕಟ್ತಾರೆ. ನಮ್ಮೂರಲ್ಲಿ ಕರೆಂಟ್ ಹೋದರೆ ಟವರಿನ ಕೆಳಗಿನ ಡೀಸೆಲ್ ಜನರೇಟರ್ ಕಟ್ಟುತ್ತೆ.

ಇನ್ನೊಂದು ತೊಡಕಿದೆ. ಆಂಪ್ಲಿಫೈಯರ್ ಸಿಗ್ನಲ್ಲನ್ನ ಸೊಟ್ಟ ಮಾಡುತ್ತೆ ಅಂತ ಮೊದಲೇ ಅದನ್ನ ಉಲ್ಟಾ ಸೊಟ್ಟ ಮಾಡಿ ಕಳಿಸೋ ಲೆಕ್ಕಾಚಾರವಿದೆ. ಒಂದು ದೊಡ್ಡ ಆಂಪ್ಲಿಫೈಯರಿಗೆ ಅದು ಲಾಭ. ಎರಡು ಮೂರು ವ್ಯಾಟಿನ 64 ಪುಟಾಣಿಗಳಿಗೆ ಮಾಡಹೊರಟರೆ ಲೆಕ್ಕಾಚಾರಕ್ಕೇ ಸಾಕಷ್ಟು ಕರೆಂಟು ಬೇಕು.

ಹಾಗಾಗಿ ಟ್ರಾನ್ಸ್‌ಮಿಟರನ್ನೇ ಸರಳ ಮಾಡೋಣ ಅಂತ ಹೊರಟವರಿದ್ದಾರೆ. ಹರಾಲ್ಡ್ ಹಾಸ್ ಮತ್ತು ಸಂಗಡಿಗರ 'ಸ್ಪೇಷಿಯಲ್ ಮಾಡ್ಯುಲೇಶನ್' ನನಗೆ ತುಂಬಾ ಹಿಡಿಸಿದ್ದು. ನಾಲ್ಕು ಆಂಟೆನಾ, ಟ್ರಾನ್ಸ್‌ಮಿಟರ್ ಒಂದೇ. ಒಂದು ಸಲಕ್ಕೆ ಒಂದೇ ಆಂಟೆನಾ ಮಾತಾಡುತ್ತೆ; ಯಾವುದು ಮಾತಾಡಿತು ಅನ್ನೋದೇ ಎರಡು ಬಿಟ್ ಮಾಹಿತಿ! ಆದರೆ ಆಂಟೆನಾ ದುಪ್ಪಟ್ಟಾದಾಗಲೂ ಹೆಚ್ಚೋದು ಒಂದೇ ಬಿಟ್. ವೇಗದ ಓಟದಲ್ಲಿ ಅದು ಹಿಂದೆ ಬಿತ್ತು, 5ಜಿ ಮಾನದಂಡದೊಳಗೆ ಬರಲಿಲ್ಲ. ಸದ್ಯಕ್ಕೆ ಆ 64ರ ಡಬ್ಬಿಗಳೊಳಗೆ ಹೆಚ್ಚಾಗಿ ದುಡೀತಿರೋದು ಡೊಹರ್ಟಿಯ ಅದೇ ಜೋಡಿ, ವಾಲ್ವ್ ಬದಲು ಟ್ರಾನ್ಸಿಸ್ಟರ್ ವೇಷದಲ್ಲಿ.