ದತ್ತಕ ಮತ್ತು ಹೊಂದಾಣಿಕೆ

ಇಂಗ್ಲಿಷಿನಲ್ಲಿ ‘ಅಡಾಪ್ಟ್’ ಎಂದೂ ‘ಅಡ್ಯಾಪ್ಟ್’ ಎಂದೂ ಎರಡು ಮಾತುಗಳುಂಟು. ಬರೆಹದಲ್ಲಿ ಅವುಗಳ ನಡುವೆ ಇರುವುದು ಒಂದೇ ಅಕ್ಷರದ ಅಂತರ: ಮೊದಲನೆಯದರ ನಡುವೆ ‘ಓ’, ಎರಡನೆಯದರ ನಡುವೆ ‘ಎ’. ಶಾಲೆಯ ಹುಡುಗರು ಮಾತ್ರವಲ್ಲ, ಪದವೀಧರರೂ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬರೆದುಬಿಡುವುದುಂಟು. ಎರಡೂ ಲ್ಯಾಟಿನ್ ಮೂಲದವು. ಮೊದಲನೆಯದರ ಧಾತುವಿಗೆ ಆರಿಸಿಕೊಳ್ಳುವುದು ಎಂದರ್ಥ. ಎರಡನೆಯದರ ಧಾತುವಿಗೆ ಹೊಂದಿಸುವುದು ಎಂದರ್ಥ. ತನ್ನದಲ್ಲದ್ದನ್ನು ಆರಿಸಿ, ಅದಕ್ಕೆ ತನ್ನದೆಂಬ ಪೂರ್ಣ ಹಕ್ಕನ್ನು ಕೊಡುವುದು ಅಡಾಪ್ಟ್. ಸಂದರ್ಭಕ್ಕೆ ತಕ್ಕಂತೆ ವಸ್ತುವನ್ನೋ ತನ್ನನ್ನೋ ಮಾರ್ಪಡಿಸಿಕೊಳ್ಳುವುದು ಅಡ್ಯಾಪ್ಟ್.

ಈ ಭೇದ ನಮ್ಮವರಿಗೆ ಹೊಸದೇನಲ್ಲ. ನಮ್ಮ ವ್ಯಾಕರಣವು ತತ್ಸಮ, ತದ್ಭವ ಎಂದು ವಿಂಗಡಿಸುವಾಗ ಹೇಳುವುದೂ ಬಹುಮಟ್ಟಿಗೆ ಇದನ್ನೇ. ಗದಗ ಜಿಲ್ಲೆಯ ಎರಡು ಊರುಗಳ ಹೆಸರನ್ನು ನೋಡಿರಿ. ಗಜೇಂದ್ರಗಡ ಎಂಬಲ್ಲಿ ‘ಗಜೇಂದ್ರ’ವೆಂಬ ಸಂಸ್ಕೃತ ಶಬ್ದ ತನ್ನ ರೂಪವನ್ನು ಕಿಂಚಿತ್ತೂ ಕಳೆದುಕೊಳ್ಳದೆ ಕನ್ನಡದ ಮನೆಯನ್ನು ಸೇರಿದೆ, ಅದು ದತ್ತಕ. ರೋಣವಾದರೋ ದ್ರೋಣಪುರದಿಂದ ಬಂದ ಹೆಸರೆಂದು ಅಲ್ಲಿಯ ಜನ ಹೇಳುತ್ತಾರೆ. ಹಾಗಿದ್ದಲ್ಲಿ ಅದು ನಮ್ಮ ನಾಲಗೆಗೆ ತಕ್ಕಂತೆ ಸವೆದು ಬಂದದ್ದು, ಅದು ಹೊಂದಾಣಿಕೆ.

ಈ ಎರಡು ಊರುಗಳ ನೆರೆಯದಾದ ನರಗುಂದದಲ್ಲಿ ಇದು ಕೇವಲ ವ್ಯಾಕರಣದ ಮಾತಾಗಿ ಉಳಿಯಲಿಲ್ಲ; ಒಂದು ಸಂಸ್ಥಾನದ ಅಳಿವು ಉಳಿವಿನ ಪ್ರಶ್ನೆಯಾಯಿತು.

ನರಗುಂದದ ಭಾವೆ ಮನೆತನಕ್ಕೆ ಹೊಂದಾಣಿಕೆಯ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಪೇಶ್ವೆಯರ ಅಧೀನದಲ್ಲಿದ್ದ ಈ ಸಂಸ್ಥಾನ 1778ರಲ್ಲಿ ಹೈದರಲಿಗೆ ಕಪ್ಪ ಕೊಡಲೊಪ್ಪಿತು. ಟಿಪ್ಪು ಹೆಚ್ಚಿನ ಹಣ ಕೇಳಿದಾಗ ಕಲಹ ಹುಟ್ಟಿ, 1785ರಲ್ಲಿ ಕೋಟೆ ಅವನ ವಶವಾಯಿತು. ಅರಸು ವೆಂಕಟರಾಯ ಸೆರೆಯಾದ. 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಗಜೇಂದ್ರಗಡದಲ್ಲಿ ಆದ ಒಪ್ಪಂದದ ತರುವಾಯ ನರಗುಂದ ಮತ್ತೆ ಮರಾಠರ ಕಡೆಗೆ ಬಂದಿತು. 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದಾಗ ಕಂಪನಿ ಸರ್ಕಾರಕ್ಕೆ ತಲೆಬಾಗಿತು. ನಾಲ್ಕು ದಶಕಗಳೊಳಗೆ ಇಷ್ಟೊಂದು ಒಡೆಯರು ಬದಲಾದರೂ ಮನೆತನ ಉಳಿದುಕೊಂಡಿತ್ತು. ಗಾಳಿ ಬೀಸಿದತ್ತ ಬಾಗುವ ಹುಲ್ಲಿನ ಬಾಳು ಅದು. ಸಣ್ಣ ಸಂಸ್ಥಾನಗಳಿಗೆ ಬೇರೆ ದಾರಿಯೂ ಇರಲಿಲ್ಲ.

ಆದರೆ ಭಾಸ್ಕರರಾವ್ ಭಾವೆಯ ಕಾಲಕ್ಕೆ ಬೇರೊಂದು ಪ್ರಶ್ನೆ ಎದುರಾಯಿತು. ಬಾಬಾಸಾಹೇಬನೆಂದು ಪ್ರಸಿದ್ಧನಾದ ಈತ ವಿದ್ಯಾವಂತ. ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಕೂಡಿಸಿದ್ದವನು. ಅವನಿಗೆ ಉತ್ತರಾಧಿಕಾರಿಯಾಗಬಲ್ಲ ಮಗನಿರಲಿಲ್ಲ. ದತ್ತಕಕ್ಕೆ ಅನುಮತಿ ಬೇಡಿದಾಗ ಕಂಪನಿ ನಿರಾಕರಿಸಿತು.

ಇಲ್ಲಿ ಶಬ್ದಾರ್ಥದ ತೊಡಕನ್ನು ಗಮನಿಸಬೇಕು. ‘ದತ್ತ’ವೆಂದರೆ ಕೊಡಲ್ಪಟ್ಟದ್ದು. ಇಂಗ್ಲಿಷ್ ಶಬ್ದ ಆರಿಸಿಕೊಳ್ಳುವವನ ಕಡೆಯಿಂದ ನೋಡಿದರೆ, ನಮ್ಮ ಶಬ್ದ ಕೊಡುವವರ ಕಡೆಯಿಂದ ನೋಡುತ್ತದೆ. ಕೊಡುವವರು ಕೊಟ್ಟು, ಕೊಳ್ಳುವವರು ಮಡಿಲಲ್ಲಿ ತುಂಬಿಕೊಂಡರೆ ಕೂಸು ಆ ಮನೆಯ ಮಗ; ಪಿಂಡಕ್ಕೂ ಆಸ್ತಿಗೂ ಪಟ್ಟಕ್ಕೂ ಅವನೇ ಹಕ್ಕುದಾರ. 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಈ ಒಂದು ಅರ್ಥವನ್ನು ಎರಡಾಗಿ ಸೀಳಿದನು. ದತ್ತಪುತ್ರನು ಉತ್ತರಕ್ರಿಯೆ ಮಾಡಲಿ, ಖಾಸಗಿ ಸ್ವತ್ತನ್ನು ಅನುಭವಿಸಲಿ; ರಾಜ್ಯಕ್ಕೆ ಮಾತ್ರ ಸಾರ್ವಭೌಮ ಸರ್ಕಾರದ ಸಮ್ಮತಿ ಬೇಕು ಎಂಬುದು ಅವನ ನಿಲುವು. ಸಾತಾರಾ, ಝಾನ್ಸಿ, ನಾಗಪುರಗಳು ಹೀಗೆ ಹೋದವು. ಅವನಿಗಿಂತ ಮೊದಲೇ, 1824ರಲ್ಲಿ, ನಮ್ಮ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಹೋದುದೂ, ಅದರಿಂದ ಯುದ್ಧವಾದುದೂ ಎಲ್ಲರಿಗೂ ತಿಳಿದ ಸಂಗತಿ.

1857ರ ನಿಶ್ಶಸ್ತ್ರೀಕರಣದ ಕಾಯಿದೆ ಉರಿಯುವ ಗಾಯಕ್ಕೆ ಉಪ್ಪು ಸವರಿತು. 1858ರ ಮೇ ತಿಂಗಳ ಕೊನೆಗೆ ಮುಂಡರಗಿಯ ಭೀಮರಾಯ ದಂಗೆಯೆದ್ದ. ಅದೇ ವಾರ ನರಗುಂದವೂ ಎದ್ದಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಬಾಬಾಸಾಹೇಬನ ಕಡೆಯವರಿಂದ ಹತನಾದನು. ಜೂನ್ ಮೊದಲಲ್ಲೇ ಕೋಟೆ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಸಂಸ್ಥಾನ ಕಂಪನಿಯ ಪಾಲಾಯಿತು. ಮೂರು ತಲೆಮಾರು ಹೊಂದಿಕೊಂಡು ಬಂದ ಮನೆ, ಆರಿಸಿಕೊಳ್ಳುವ ಹಕ್ಕನ್ನು ಕಳೆದುಕೊಂಡ ದಿನ ಇನ್ನು ಹೊಂದಿಕೊಳ್ಳಲಾರೆನೆಂದು ನಿಂತಿತು.

ಈ ರಕ್ತಪಾತದ ಅನಂತರವೇ ಆಂಗ್ಲರಿಗೆ ತಮ್ಮ ತಪ್ಪಿನ ಅರಿವಾಯಿತೆನ್ನಬೇಕು. ಕ್ಯಾನಿಂಗನ ಕಾಲದಲ್ಲಿ ದೇಶೀಯ ಅರಸರಿಗೆ ದತ್ತಕದ ಸನದುಗಳು ದೊರೆತವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಪಡೆದ ಚಾಮರಾಜೇಂದ್ರರನ್ನು ಸರ್ಕಾರ 1867ರಲ್ಲಿ ಮನ್ನಿಸಿತು. 1881ರಲ್ಲಿ ರಾಜ್ಯವೇ ಅವರ ಕೈಗೆ ಮರಳಿತು. ನರಗುಂದಕ್ಕೆ ಇಲ್ಲವೆಂದದ್ದು ಕೆಲವೇ ವರ್ಷಗಳಲ್ಲಿ ಮೈಸೂರಿಗೆ ಉಂಟೆಂದಾಯಿತು. ಈಗ 1956ರ ಹಿಂದೂ ದತ್ತಕ ಕಾಯಿದೆಯಂತೆ ದತ್ತು ಮಗು ಎಲ್ಲ ಉದ್ದೇಶಗಳಿಗೂ ಆ ಮನೆಯ ಮಗುವೇ. ಡಾಲ್‌ಹೌಸಿ ಸೀಳಿದ ಅರ್ಥ ಮರಳಿ ಒಂದಾಗಿದೆ.

ಈ ಎರಡು ಮಾತುಗಳನ್ನು ಅಳತೆಯರಿತು ಬಳಸಿದ ನಿದರ್ಶನ ನಮ್ಮ ರಾಜ್ಯಾಂಗದಲ್ಲಿಯೇ ಇದೆ. 1949ರ ನವೆಂಬರ್ 26ರಂದು ಭಾರತದ ಜನತೆ ಸಂವಿಧಾನವನ್ನು ಅಂಗೀಕರಿಸಿತೆಂದು ಪೀಠಿಕೆ ಹೇಳುವಲ್ಲಿ ಇಂಗ್ಲಿಷ್ ಮಾತು ‘ಅಡಾಪ್ಟ್’. ಪರಕೀಯರು ಬಿಟ್ಟುಹೋದ ಹಳೆಯ ಕಾಯಿದೆಗಳನ್ನು ಹೊಸ ಗಣರಾಜ್ಯಕ್ಕೆ ಹೊಂದಿಸುವ ಪ್ರಸಂಗ 372ನೆಯ ವಿಧಿಯಲ್ಲಿ ಬಂದಾಗ, ಮತ್ತು ಅದರಂತೆ ರಾಷ್ಟ್ರಪತಿಗಳು 1950ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಬಳಸಿದ ಮಾತು ‘ಅಡ್ಯಾಪ್ಟೇಷನ್’. ಆಳಿದವರ ಕಾಯಿದೆಗಳನ್ನು ತಿದ್ದಿ ಹೊಂದಿಸಿಕೊಂಡೆವು. ಸಂವಿಧಾನವನ್ನು ಮಾತ್ರ ಯಾರ ಅಪ್ಪಣೆಯನ್ನೂ ಬೇಡದೆ ಮಡಿಲಿಗೆ ತೆಗೆದುಕೊಂಡೆವು. ಹೊಂದಿಕೊಳ್ಳುವುದು ಬದುಕಿಗೆ ಬೇಕಾದ ಜಾಣ್ಮೆ. ಆರಿಸಿಕೊಳ್ಳುವುದು ಸ್ವತಂತ್ರನ ಹಕ್ಕು. ಈ ಎರಡು ಶಬ್ದಗಳನ್ನು ಬರೆಯುವಾಗ ನಡುವಣ ಅಕ್ಷರದ ಮೇಲೆ ಕ್ಷಣಕಾಲ ಲೇಖನಿಯನ್ನು ತಡೆಯುವುದು ಲೇಸು.