‘ಲೈವ್ ಬ್ಯಾಂಡ್’ ಅಂದ್ರೆ ಯಾವುದು? ಲೌಂಜ್ ಪಿರಾನಾ ಕಥೆ

ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಓಡಾಡೋರಿಗೆ ಆ ಟೀ-ಶರ್ಟ್ ಗೊತ್ತಿರುತ್ತೆ. ಕಪ್ಪು ಬಟ್ಟೆ, ಮಧ್ಯದಲ್ಲಿ ಬೆಟ್ಟದ ಸಾಲಿನ ಥರ ಬಿಳಿ ಗೆರೆಗಳು. ಅದು ಪಲ್ಸಾರ್ ಅನ್ನೋ ನಕ್ಷತ್ರದಿಂದ ಬಂದ ರೇಡಿಯೋ ಸಿಗ್ನಲ್‌ನ ಚಿತ್ರ. 1979ರಲ್ಲಿ ಜಾಯ್ ಡಿವಿಷನ್ ಅನ್ನೋ ಇಂಗ್ಲೆಂಡಿನ ಬ್ಯಾಂಡ್ ತನ್ನ ಮೊದಲ ಆಲ್ಬಮ್‌ನ ಮುಖಪುಟಕ್ಕೆ ಹಾಕ್ಕೊಂಡಿತ್ತು. ಟೀ-ಶರ್ಟ್ ಹಾಕೋರಲ್ಲಿ ಎಷ್ಟು ಜನ ಹಾಡು ಕೇಳಿದ್ದಾರೆ, ಅದು ಬಿಡಿ.

ಪಂಕ್‌ನ ಮೊದಲ ಸಿಟ್ಟು ಇಳಿದ ಮೇಲೆ ಹುಟ್ಟಿದ್ದು ಪೋಸ್ಟ್-ಪಂಕ್. ಕೂಗಾಟ ಕಡಿಮೆ, ಬೇಸ್ ಗಿಟಾರ್ ಮುಂದೆ, ಒಂಥರಾ ಕತ್ತಲು. ಅದರ ದೂರದ ತಮ್ಮ ಪೋಸ್ಟ್-ರಾಕ್: ಗಿಟಾರ್ ಇರುತ್ತೆ, ಆದ್ರೆ ರಾಕ್ ಹಾಡಿನ ಪಲ್ಲವಿ-ಚರಣದ ಲೆಕ್ಕ ಇರಲ್ಲ. ಈ ಎರಡನೇ ಹೆಸರನ್ನ 1994ರಲ್ಲಿ ಚಾಲ್ತಿಗೆ ತಂದ ವಿಮರ್ಶಕ ಸೈಮನ್ ರೆನಾಲ್ಡ್ಸ್; ಪೋಸ್ಟ್-ಪಂಕ್ ಚರಿತ್ರೆ ಬರೆದವರೂ ಅವರೇ.

ಬೆಂಗಳೂರಲ್ಲಿ ಈ ದಾರಿಯಲ್ಲಿ ನಡೆದ ಬ್ಯಾಂಡ್ ಲೌಂಜ್ ಪಿರಾನಾ. ಗಿಟಾರ್‌ನಲ್ಲಿ ಅಭಿಜೀತ್ ತಾಂಬೆ, ಕಮಲ್ ಸಿಂಗ್. ಡ್ರಮ್ಸ್‌ನಲ್ಲಿ ಜಾರ್ಜ್ ಮಾತನ್. 2008ರಲ್ಲಿ ‘ಗೋಯಿಂಗ್ ನೋವೇರ್’ ಅನ್ನೋ ಆಲ್ಬಮ್ ಬಂತು. ‘ಎಲ್ಲಿಗೂ ಹೋಗ್ತಿಲ್ಲ’ ಅಂತ. ಎರಡು ಗಿಟಾರ್ ಒಂದರ ಮೇಲೊಂದು ನಿಧಾನಕ್ಕೆ ಪದರ ಕಟ್ಟುತ್ತವೆ. ಹಾಡು ಮೇಲೇರೋಕೆ ಟೈಮ್ ತಗೊಳುತ್ತೆ, ದನಿ ಬೇಕಾದಾಗ ಮಾತ್ರ ಬರುತ್ತೆ. ರೀಲ್ಸ್‌ಗೆ ಕತ್ತರಿಸೋಕೆ ಆಗಲ್ಲ. ನನಗೆ ಇಷ್ಟ ಆಗೋದೂ ಅದೇ.

ಈಗ ಆ ವರ್ಷ ನೋಡಿ. 2008. ಅದೇ ವರ್ಷ ಶಂಕರ ಬಿದರಿ ಪೊಲೀಸ್ ಕಮಿಷನರ್ ಆಗಿದ್ದಾಗ, ಮದ್ಯ ಕೊಡೋ ಜಾಗಗಳಲ್ಲಿ ಲೈವ್ ಸಂಗೀತ, ಕುಣಿತ ಎರಡಕ್ಕೂ ಬ್ರೇಕ್ ಬಿತ್ತು. ರಾತ್ರಿ ಹನ್ನೊಂದೂವರೆಗೆ ಬಾಗಿಲು. ಇದಕ್ಕೆ ಬುಡ 2005ರ ಒಂದು ಆದೇಶ, ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿದ್ದು. ಕ್ಯಾಬರೆ, ಡಿಸ್ಕೋಥೆಕ್, ಲೈವ್ ಬ್ಯಾಂಡ್ ಮೂರೂ ಅದರಲ್ಲಿ ಒಟ್ಟೊಟ್ಟಿಗೆ.

ಇಲ್ಲಿ ಒಂದು ಪದದ ಜಗಳ ಇದೆ. ನಮ್ಮಜ್ಜಿಗೆ ಬ್ಯಾಂಡ್ ಅಂದ್ರೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್. ಪೇಪರ್ ಓದೋ ಬೆಂಗಳೂರಿಗೆ ‘ಲೈವ್ ಬ್ಯಾಂಡ್’ ಅಂದ್ರೆ ಹುಡುಗೀರು ಕುಣಿಯೋ ಬಾರ್. ‘ಲೈವ್ ಬ್ಯಾಂಡ್ ಮೇಲೆ ದಾಳಿ’ ಅನ್ನೋ ಹೆಡ್‌ಲೈನ್ ನೋಡಿಲ್ಲದವರು ಕಡಿಮೆ. ಕೈಯಲ್ಲಿ ಗಿಟಾರ್ ಹಿಡಿದು ನಿಜವಾಗ್ಲೂ ಲೈವ್ ನುಡಿಸೋ ಬ್ಯಾಂಡ್‌ಗೆ ನಮ್ಮಲ್ಲಿ ಬೇರೆ ಪದವೇ ಇರ್ಲಿಲ್ಲ. ಬಾರ್‌ನಲ್ಲಿ ಕುಣಿದು ದುಡಿಯೋ ಹೆಣ್ಮಕ್ಕಳ ಹೊಟ್ಟೆಪಾಡು ಕಮ್ಮಿ ಅಂತ ನಾನು ಹೇಳ್ತಿಲ್ಲ, ಅವರಿಗೆ ಬಿದ್ದ ಏಟು ಇನ್ನೂ ದೊಡ್ಡದು. ಆದ್ರೆ ಎರಡನ್ನೂ ಒಂದೇ ಫೈಲ್‌ಗೆ ಹಾಕಿದ್ರೆ ಯಾರಿಗೂ ನ್ಯಾಯ ಸಿಗಲ್ಲ.

ಬಿ.ಕಾಂ ಬುದ್ಧಿ, ಲೆಕ್ಕ ಹಾಕದೆ ಇರಕ್ಕಾಗಲ್ಲ. ಸಿನಿಮಾ ಹಾಡಿಗೆ ಎಫ್‌ಎಂ ಇದೆ, ಟೀವಿ ಇದೆ. ಸ್ವಂತ ಇಂಗ್ಲಿಷ್ ಹಾಡು ಕಟ್ಟೋ ಬ್ಯಾಂಡ್‌ಗೆ ಅಂಗಡಿ, ಜಾಹೀರಾತು, ಗಿರಾಕಿ ಎಲ್ಲಾ ಒಂದೇ: ಸ್ಟೇಜ್. ಅದು ಮುಚ್ಚಿದ ವರ್ಷವೇ ಹೊಸ ಸರಕು ಬಂತು ಅಂದ್ರೆ ಏನಾಗುತ್ತೆ?

ಇನ್ನೊಂದು ಗೋಡೆ ಹಳೇದು. 1809ರಲ್ಲಿ ಬ್ರಿಟಿಷರು ಕಂಟೋನ್ಮೆಂಟ್ ಕಟ್ಟಿದ ಮೇಲೆ ಇದು ಎರಡು ಊರು. ಪೇಟೆ ಕಡೆ ಒಂದು, ಹಲಸೂರು-ಶಿವಾಜಿನಗರ ಕಡೆ ಒಂದು. ಎರಡೂ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಆದ್ರೂ ಇಂಗ್ಲಿಷ್ ಹಾಡು ಅಂದ್ರೆ ‘ದಂಡಿನ ಕಡೆಯವರದ್ದು’ ಅನ್ನೋ ಭಾವನೆ ಹೋಗ್ಲಿಲ್ಲ. ಅದರಲ್ಲಿ ಪೂರ್ತಿ ಸುಳ್ಳೂ ಇಲ್ಲ: ಈ ಬ್ಯಾಂಡ್‌ಗಳೂ ಕನ್ನಡದ ಕಿವಿಯನ್ನ ಹುಡುಕ್ಕೊಂಡು ಬಂದಿದ್ದು ಅಪರೂಪ.

ಬ್ಯಾಂಡ್ ಆಮೇಲೆ ಚದುರಿತು. ಡ್ರಮ್ಸ್ ಬಾರಿಸ್ತಿದ್ದ ಜಾರ್ಜ್ ಮಾತನ್ ಇವತ್ತು ‘ಅಪ್ಪುಪೆನ್’. ಹೌದು, ‘ಹಾಲಾಹಲ’ ಅನ್ನೋ ಕಲ್ಪನೆಯ ಲೋಕ ಕಟ್ಟಿ ‘ಮೂನ್‌ವರ್ಡ್’, ‘ದಿ ಸ್ನೇಕ್ ಅಂಡ್ ದಿ ಲೋಟಸ್’ ಥರದ ಗ್ರಾಫಿಕ್ ಕಾದಂಬರಿ ಮಾಡಿದವರು. ಅವರ ‘ಲೆಜೆಂಡ್ಸ್ ಆಫ್ ಹಾಲಾಹಲ’ದಲ್ಲಿ ಮಾತೇ ಇಲ್ಲ, ಬರೀ ಚಿತ್ರ. ಮಾತು ಕಮ್ಮಿ ಇರೋ ಸಂಗೀತದಿಂದ ಮಾತೇ ಇಲ್ಲದ ಪುಸ್ತಕಕ್ಕೆ ಹೋದದ್ದು ನನಗೇನೋ ಅದೇ ಕೆಲಸದ ಮುಂದುವರಿಕೆ ಥರ ಕಾಣುತ್ತೆ.

ಆದೇಶದ ಕಥೆ ಅಲ್ಲಿಗೆ ಮುಗೀಲಿಲ್ಲ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಆ ವರ್ಷವೇ ಪೊಲೀಸರು ಮತ್ತೆ ಲೈಸೆನ್ಸ್ ಕೇಳೋಕೆ ಶುರು ಮಾಡಿದ್ರು, ಎಷ್ಟೋ ಪಬ್‌ಗಳಲ್ಲಿ ಸಂಗೀತ ನಿಂತಿತು. ಇಂದಿರಾನಗರದಲ್ಲಿ 2013ರಿಂದ ಹೊಸ ಬ್ಯಾಂಡ್‌ಗಳಿಗೆ ಜಾಗ ಕೊಟ್ಟಿದ್ದ ‘ದಿ ಹಮ್ಮಿಂಗ್ ಟ್ರೀ’ 2019ರಲ್ಲಿ ಬಾಗಿಲು ಹಾಕಿತು.

‘ಗೋಯಿಂಗ್ ನೋವೇರ್’ ಹುಡುಕಿ ಕೇಳಿ. ಶಫಲ್ ಆಫ್ ಮಾಡಿ. ಎಂಜಿ ರೋಡ್‌ನಲ್ಲಿ ಮೆಟ್ರೋ ಹತ್ತಿ ಮೊದಲ ಹಾಡು ಹಾಕಿ. ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರ ಬಂದ್ರೂ ಆಲ್ಬಮ್ ಮುಗಿದಿರಲ್ಲ.